ಬೋಟು ಬಂತು ಅಂದ್ರೆ ರಸ್ತೆ ಎದ್ದು ನಿಲ್ಲತ್ತೆ: ಫ್ರೀಸ್‌ಲ್ಯಾಂಡಲ್ಲಿ ಅಪ್ಪ ಅಮ್ಮನ ಜೊತೆ

ಬೋಟ್ ಬಾಡಿಗೆಗೆ ತಗೊಂಡು ಅದ್ರಲ್ಲೇ ಮಲ್ಗಿ ಅದ್ರಲ್ಲೇ ಅಡುಗೆ ಮಾಡ್ಕೊಂಡು ಊರೂರು ಸುತ್ತಿ ಬಂದ್ವಿ ಅಂದ ತಕ್ಷಣ ಎಲ್ರೂ ಕೇಳೋದು ಒಂದೇ, ಓಡ್ಸಿದ್ದು ಯಾರು? ನಾವೇ. ಲೈಸೆನ್ಸು? ಬೇಡ. ನೆದರ್‌ಲ್ಯಾಂಡ್ಸಲ್ಲಿ ಬೋಟು 15 ಮೀಟರ್‌ಗಿಂತ ಉದ್ದ ಇದ್ರೆ, ಇಲ್ಲಾ ಗಂಟೆಗೆ 20 ಕಿಲೋಮೀಟರ್‌ಗಿಂತ ಜೋರಾಗಿ ಹೋಗೋ ಅಂಥದ್ದಾಗಿದ್ರೆ ಮಾತ್ರ ಲೈಸೆನ್ಸ್ ಬೇಕು. ಅದಕ್ಕಿಂತ ಚಿಕ್ಕದು, ನಿಧಾನದ್ದು ಅಂದ್ರೆ ಯಾರ್ ಬೇಕಾದ್ರೂ ಓಡಿಸ್ಬೋದು. ಕಾರ್ ಡ್ರೈವಿಂಗ್ ಕಲಿಯೋಕೆ ಸಾವಿರಾರು ಯೂರೋ ಸುರಿಸ್ಕೊಳ್ಳೋ ದೇಶ ಇದು, ಆದ್ರೆ ಹತ್ತು ಮೀಟರ್ ಉದ್ದದ ಕಬ್ಬಿಣದ ಬೋಟನ್ನ ಅರ್ಧ ಗಂಟೆ ಪಾಠ ಹೇಳಿ ಕೈಗೆ ಕೊಟ್ಟು ಕಳಿಸ್ತಾರೆ.

ಅಪ್ಪ ಅಮ್ಮ ಸಾಗರದಿಂದ ಬಂದಿದ್ರು. ಊರಿಂದ ಬಂದೋರಿಗೆ ಐಂಡ್‌ಹೋವನ್ ಕನ್ನಡಿಗರು ತೋರ್ಸೋ ಜಾಗ ಎಲ್ಲಾರ್ದೂ ಒಂದೇ, ಆಮ್‌ಸ್ಟರ್‌ಡಾಮ್ ಕೆನಾಲ್ ಕ್ರೂಸು, ಫೋಲೆಂಡಾಮು, ಜಾನ್ಸೆ ಸ್ಕಾನ್ಸಲ್ಲಿ ಗಾಳಿಗಿರಣಿ ಮುಂದೆ ಫೋಟೋ, ಟೈಮ್ ಇದ್ರೆ ಖೀಟ್‌ಹೋರ್ನು. ಅಪ್ಪ ಅಮ್ಮ ಹೋದ್ಸಲ ಬಂದಾಗ್ಲೇ ಅದೆಲ್ಲಾ ಮುಗಿದಿತ್ತು. ಜೊತೆಗೆ ಅಪ್ಪಂಗೆ ಮೊಣಕಾಲು ನೋವು, ದಿನಾ ಕಿಲೋಮೀಟರ್‌ಗಟ್ಟಲೆ ನಡ್ಸೋ ಟ್ರಿಪ್ಪು ಆಗಲ್ಲ. ಕೂತಲ್ಲೇ ಊರು ನೋಡೋ ಥರ ಏನಾದ್ರೂ ಇದ್ಯಾ ಅಂತ ಹುಡುಕ್ದಾಗ ನನ್ನ ಗಂಡನ ಆಫೀಸ್‌ನಲ್ಲಿ ಒಬ್ರು ಫ್ರೀಸ್‌ಲ್ಯಾಂಡ್‌ನೋರು, ಅವ್ರೇ ಹೇಳಿದ್ದು, ನಮ್ಮ ಕಡೆ ಸ್ನೇಕ್ ಅನ್ನೋ ಊರಿದೆ, ಅಲ್ಲಿ ಹೋಗಿ ಬೋಟ್ ತಗೊಳ್ಳಿ, ಸೆಪ್ಟೆಂಬರಲ್ಲಿ ಹೋಗಿ, ಬೇಸಿಗೆ ರಜೆ ಮುಗ್ದಿರತ್ತೆ, ರೇಟೂ ಇಳಿದಿರತ್ತೆ ಅಂತ.

ಫ್ರೀಸ್‌ಲ್ಯಾಂಡ್ ಅಂದ್ರೆ ದೇಶದ ಉತ್ತರದ ಮೂಲೆ. ಅವ್ರದ್ದೇ ಭಾಷೆ, ಊರಿನ ಬೋರ್ಡುಗಳಲ್ಲೂ ಎರಡು ಹೆಸ್ರು, ಡಚ್ಚಲ್ಲೊಂದು ಫ್ರಿಸಿಯನ್ನಲ್ಲೊಂದು. ನೀರಂತೂ ಎಲ್ಲಿ ನೋಡಿದ್ರೂ. ಕೆರೆ ಥರದ ದೊಡ್ಡ ದೊಡ್ಡ ಸರೋವರಗಳು, ಅವುಗಳ ಮಧ್ಯೆ ಕಾಲುವೆಗಳು, ಎಲ್ಲಾ ಒಂದಕ್ಕೊಂದು ಸೇರಿ ಒಂದೇ ಮಟ್ಟದಲ್ಲಿ ನಿಂತಿರೋ ನೀರು. ಆ ಮಟ್ಟ ಸಮುದ್ರಕ್ಕಿಂತ ಅರ್ಧ ಮೀಟರ್ ಕೆಳಗೆ, ಲೆಕ್ಕದಲ್ಲಿ ಮೈನಸ್ 0.52 ಮೀಟರ್, ಅದನ್ನ ವರ್ಷಪೂರ್ತಿ ಹಂಗೇ ಕಾಯೋಕೆ ಅಂತ್ಲೇ ಒಂದು ನೀರಿನ ಮಂಡಳಿ ಇದೆ. ಹೊಲಗದ್ದೆ ಅದಕ್ಕಿಂತಲೂ ಕೆಳಗೆ. ಶತಮಾನಗಳಿಂದ ನೀರು ಬಸ್ದು ಬಸ್ದು ಅಲ್ಲಿನ ಜೌಗು ಮಣ್ಣು ಒಣಗಿ ಕುಸ್ದುಬಿಟ್ಟಿದೆ. ಹಿಂಗಾಗಿ ನಾವು ಬೋಟಲ್ಲಿ ಕೂತು ಹೋಗ್ತಿದ್ರೆ ಪಕ್ಕದಲ್ಲಿ ಹಸುಗಳು ನಮಗಿಂತ ತಗ್ಗಲ್ಲಿ ಮೇಯ್ತಿರ್ತವೆ, ಮೊದ್ಲು ಕಾಣೋದೇ ಅವುಗಳ ಬೆನ್ನು. ಅಮ್ಮಂಗೆ ಇದು ಕೊನೇ ದಿನದವರೆಗೂ ಸರಿ ಅನ್ನಿಸ್ಲೇ ಇಲ್ಲ. ದಂಡೆ ಒಡದ್ರೆ ಆ ದನಗಳ ಗತಿ ಏನೇ ಅಂತ ದಿನಕ್ಕೊಂದ್ಸಲ ಕೇಳೋಳು.

ಬೋಟು ಹಳೇದು, ಆದ್ರೆ ಗಟ್ಟಿ. ಎರಡು ರೂಮು, ಒಂದು ಪುಟ್ಟ ಅಡುಗೆಮನೆ, ಎರಡು ಬರ್ನರ್ ಗ್ಯಾಸು, ಫ್ರಿಡ್ಜು, ಮನುಷ್ಯ ತಿರುಗೋಕೂ ಜಾಗ ಇಲ್ದಿರೋ ಟಾಯ್ಲೆಟ್ಟು. ಟಾಯ್ಲೆಟ್ ನೀರನ್ನ ಕಾಲುವೆಗೆ ಬಿಡಂಗಿಲ್ಲ, 2009ರಿಂದ ನಿಷೇಧ, ಟ್ಯಾಂಕಲ್ಲಿ ತುಂಬಿಸ್ಕೊಂಡು ಬಂದರಲ್ಲಿ ಪಂಪ್ ಹಾಕಿ ಖಾಲಿ ಮಾಡ್ಸ್‌ಬೇಕು. ಪಾಠ ಹೇಳ್ದೋನು ಮೂರು ಮಾತನ್ನ ಒತ್ತಿ ಒತ್ತಿ ಹೇಳ್ದ. ಬೋಟಿಗೆ ಬ್ರೇಕ್ ಇಲ್ಲ, ನಿಲ್ಲಿಸ್ಬೇಕು ಅಂದ್ರೆ ರಿವರ್ಸ್ ಹಾಕ್ಬೇಕು. ದಡಕ್ಕೂ ಬೋಟಿಗೂ ಮಧ್ಯೆ ಯಾವತ್ತೂ ಕೈಕಾಲು ಕೊಡ್ಬೇಡಿ, ಟನ್‌ಗಟ್ಟಲೆ ಭಾರ, ಮೂಳೆ ಉಳಿಯಲ್ಲ. ದೊಡ್ಡ ಸರಕು ಹಡಗು ಬಂದ್ರೆ ದಾರಿ ಅವ್ರದ್ದು, ವಾದ ಇಲ್ಲ. ಐಸೆಲ್‌ಮೇರ್‌ಗೆ ಮಾತ್ರ ಹೋಗಂಗಿಲ್ಲ ಅಂತ ಕರಾರಲ್ಲೇ ಬರ್ದಿತ್ತು, ಅದು ಹೆಸ್ರಿಗೆ ಸರೋವರ, ಗಾಳಿ ಎದ್ರೆ ಸಮುದ್ರಾನೇ.

ಸ್ಪೀಡು ಊರೊಳಗೆ 6 ಕಿಲೋಮೀಟರ್, ಸಣ್ಣ ಕಾಲುವೆಲಿ 9, ದೊಡ್ಡ ನೀರಲ್ಲಿ 12.5. ಸೈಕಲಲ್ಲಿ ಹೋಗೋ ಅಜ್ಜಿಯರು ಕೈ ಬೀಸಿ ಓವರ್‌ಟೇಕ್ ಮಾಡ್ಕೊಂಡ್ ಹೋಗ್ತಾರೆ. ನನ್ನ ಗಂಡ ಮೊದಲನೇ ದಿನ ಸ್ವಲ್ಪ ಚಡಪಡಿಸ್ದ, ಆಮೇಲೆ ಅವ್ನೂ ಚಹಾ ಕಪ್ ಹಿಡ್ಕೊಂಡು ಒಂದೇ ಕೈಯಲ್ಲಿ ಸ್ಟೇರಿಂಗ್ ತಿರುಗಿಸೋ ಲೆವೆಲ್‌ಗೆ ಬಂದ.

ಸ್ನೇಕ್ ಬಿಟ್ರೆ ಮೊದ್ಲು ಸಿಗೋ ಊರು ಐಲ್ಸ್ಟ್. ಮನೆ ಒಂದು ಕಡೆ, ಮನೆ ಮುಂದೆ ರಸ್ತೆ, ರಸ್ತೆ ಆಚೆ ನೀರಿನ ಅಂಚಲ್ಲಿ ಅದೇ ಮನೆಯವ್ರ ಪುಟ್ಟ ಕೈತೋಟ. ನಮ್ಮ ಬೋಟ್ ಆ ತೋಟಗಳ ಪಕ್ಕದಲ್ಲೇ ಹೋಗತ್ತೆ, ಕುರ್ಚಿ ಹಾಕ್ಕೊಂಡು ಕಾಫಿ ಕುಡಿಯೋರು ಕೈಗೆ ಸಿಗೋಷ್ಟು ಹತ್ರ. ಅಲ್ಲೇ ಗಾಳಿಲಿ ತಿರುಗೋ ಮರ ಕೊಯ್ಯೋ ಗಿರಣಿ ಕೂಡ ಇದೆ.

ಸೇತುವೆ ವಿಷಯ ಈಗ ಹೇಳ್ತೀನಿ, ಯಾಕಂದ್ರೆ ಈ ಟ್ರಿಪ್ಪಲ್ಲಿ ಅಪ್ಪಂಗೆ ತಲೆಗೆ ಹತ್ತಿದ್ದೇ ಅದು. ಕಾಲುವೆ ಮೇಲಿನ ಸೇತುವೆಗಳು ತಗ್ಗು, ನಮ್ಮ ಬೋಟು ಕೆಳಗೆ ಹಿಡಿಯಲ್ಲ ಅಂದ್ರೆ ಸೇತುವೆ ಎತ್ತಬೇಕು. ಪಕ್ಕದಲ್ಲಿ ದೀಪ ಇರತ್ತೆ. ಕೆಂಪು ಅಂದ್ರೆ ನಿಲ್ಲು, ಕೆಂಪು ಹಸಿರು ಎರಡೂ ಒಟ್ಟಿಗೆ ಬಂದ್ರೆ ಈಗ ಎತ್ತುತ್ತೀವಿ ರೆಡಿ ಆಗು ಅಂತ, ಬರೀ ಹಸಿರು ಅಂದ್ರೆ ನಡಿ. ಒಂದರ ಮೇಲೊಂದು ಎರಡು ಕೆಂಪು ಅಂದ್ರೆ ಇವತ್ತಿಗೆ ಅಂಗಡಿ ಬಂದ್. ನಾವು ಸುಮ್ನೆ ಹೋಗಿ ಸೇತುವೆ ಮುಂದೆ ನಿಂತ್ರೆ ಎಲ್ಲೋ ದೂರದಲ್ಲಿ ಕೂತು ಕ್ಯಾಮೆರಾದಲ್ಲಿ ನೋಡೋರು, ಇಲ್ಲಾ ಅಲ್ಲೇ ಗೂಡಲ್ಲಿ ಕೂತಿರೋ ಸೇತುವೆ ಕಾವಲಿನೋರು ಗಂಟೆ ಬಾರ್ಸಿ ಗೇಟ್ ಇಳಿಸ್ತಾರೆ, ಎರಡೂ ಕಡೆ ಕಾರು, ಬಸ್ಸು, ಹಾಲಿನ ಲಾರಿ, ಇಸ್ಕೂಲ್ ಮಕ್ಕಳ ಸೈಕಲ್ಲು ಎಲ್ಲಾ ನಿಲ್ತವೆ, ರಸ್ತೆಗೆ ರಸ್ತೆನೇ ಎದ್ದು ನಿಲ್ಲತ್ತೆ, ನಾವು ನಾಲ್ಕು ಜನ ಚುರುಮುರಿ ತಿಂತಾ ಮಧ್ಯೆ ಹೋಗ್ತೀವಿ. ಹಾರ್ನ್ ಹೊಡೆಯೋರಿಲ್ಲ, ಬೈಯೋರಿಲ್ಲ.

ಅಪ್ಪ ಮೊದಲನೇ ಸಲ ಎದ್ದು ನಿಂತು ಆ ಕಾರುಗಳೋರಿಗೆಲ್ಲಾ ಕೈ ಮುಗಿದ್ರು. ನಿಜವಾಗ್ಲೂ. ಆಮೇಲೆ ಕೂತು ಹೇಳಿದ್ರು, "ನಮ್ಮ ಹೊಳೆಬಾಗಿಲಲ್ಲಿ ಎಷ್ಟು ವರ್ಷ ಲಾಂಚಿಗೆ ಕಾದಿದೀವಿ, ಸೇತುವೆ ಬೇಕು ಸೇತುವೆ ಬೇಕು ಅಂತ. ಇಲ್ಲಿ ನೋಡಿದ್ರೆ ಇರೋ ಸೇತುವೇನ ಲಾಂಚಿಗೋಸ್ಕರ ತೆಗೀತಾರಲ್ಲೇ." ಶರಾವತಿ ಹಿನ್ನೀರು ದಾಟಿ ಸಿಗಂದೂರಿಗೆ, ತುಮರಿ ಕಡೆಗೆ ಹೋಗೋರಿಗೆ ಆ ಲಾಂಚಿನ ಕಷ್ಟ ಗೊತ್ತು, ಸಂಜೆ ಕೊನೇ ಟ್ರಿಪ್ ತಪ್ಪಿದ್ರೆ ಆಚೆಗಿರೋ ಪೇಷಂಟು ಆಚೆಗೇ. 2025ರ ಜುಲೈನಲ್ಲಿ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಓಪನ್ ಆದಾಗ ಅಪ್ಪ ಅದ್ರ ಮೇಲೆ ಓಡಾಡಿ ಬಂದೇ ಇಲ್ಲಿಗೆ ಫ್ಲೈಟ್ ಹತ್ತಿದ್ದು. ಹಾಗಾಗಿ ಇಲ್ಲಿ ಪ್ರತೀ ಸೇತುವೆಗೂ ಒಂದು ಕಾಮೆಂಟರಿ ಇರ್ತಿತ್ತು. ಒಂದು ಊರಲ್ಲಂತೂ ಸೇತುವೆ ಕಾವಲಿನೋನು ಮೀನಿನ ಗಾಳದ ಕೋಲಿಗೆ ಮರದ ಚಪ್ಪಲಿ ಕಟ್ಟಿ ನಮ್ಮ ಬೋಟಿನ ಮೇಲೆ ತೂಗಿಬಿಟ್ಟ, ಅದ್ರೊಳಗೆ ಚಿಲ್ಲರೆ ಹಾಕ್ಬೇಕು, ಸೇತುವೆ ದುಡ್ಡು. ಈ ಪದ್ಧತಿ ಈಗ ಕಮ್ಮಿ ಆಗ್ತಿದೆ, ಕಾರ್ಡಲ್ಲೇ ಕಟ್ಟೋದು ಜಾಸ್ತಿ. ಅಮ್ಮ ಮಾತ್ರ ಭಕ್ತಿಯಿಂದ ಎರಡು ಯೂರೋ ಹಾಕಿ ಚಪ್ಪಲಿಗೆ ದುಡ್ಡು ಹಾಕೋ ಕಾಲ ಬಂತು ಅಂತ ನಕ್ಕಿದ್ದೇ ನಕ್ಕಿದ್ದು.

ರಾತ್ರಿ ನಿಲ್ಲೋಕೆ ಎರಡು ದಾರಿ. ಊರಿನ ಬಂದರಲ್ಲಿ ದುಡ್ಡು ಕೊಟ್ಟು ನಿಂತ್ರೆ ಕರೆಂಟು, ನೀರು, ಬಿಸಿನೀರಿನ ಶವರ್ರು ಸಿಗತ್ತೆ. ಇಲ್ಲಾ ಊರಾಚೆ ಹುಲ್ಲಿನ ಮಧ್ಯೆ, ದ್ವೀಪಗಳ ಹತ್ರ, ಮಾರೆಕ್ರೀಟೆ ಅನ್ನೋ ಸಂಸ್ಥೆ ಮರದ ಗೂಟ, ಕಟ್ಟೆ ಎಲ್ಲಾ ಹಾಕಿಟ್ಟಿದೆ, 1957ರಿಂದ ಇರೋ ಸಂಸ್ಥೆ, ಸಾವಿರಾರು ಬೋಟು ನಿಲ್ಲೋಷ್ಟು ಜಾಗ, ಪೂರಾ ಫ್ರೀ, ಒಂದೇ ಕಡೆ ಮೂರು ದಿನದವರೆಗೆ. ಬೇಕಿದ್ರೆ ಅವ್ರ ಪುಟ್ಟ ಬಾವುಟ ಕೊಂಡು ಬೋಟಿಗೆ ಸಿಗಿಸ್ಕೊಂಡು ಸಪೋರ್ಟ್ ಮಾಡ್ಬೋದು, ಬಲವಂತ ಇಲ್ಲ. ನಾವು ಕೊಂಡ್ವಿ. ನನ್ನ ಕೇಳಿದ್ರೆ ಬಂದರಿಗಿಂತ ಇದೇ ವಾಸಿ, ಬ್ಯಾಟರಿ ಮತ್ತೆ ನೀರು ನೋಡ್ಕೊಂಡು ಖರ್ಚು ಮಾಡ್ಬೇಕು ಅಷ್ಟೇ.

ಹೇಖ್ ಸರೋವರದ ಅಂಚಲ್ಲಿ ಅಂಥ ಒಂದು ಜಾಗದಲ್ಲಿ ಕಟ್ಟಿದ್ವಿ. ನಮ್ಮ ಪಕ್ಕ ಇನ್ನೊಂದೇ ಬೋಟು, ಅದ್ರಲ್ಲಿ ವಯಸ್ಸಾದ ಡಚ್ ಗಂಡ ಹೆಂಡತಿ. ಅಮ್ಮ ಕುಕ್ಕರ್ ಇಟ್ಳು. ಕುಕ್ಕರ್ ಸಾಗರದಿಂದ ಬಂದಿದ್ದು, ಅದು ಬೇರೆ ಕಥೆ. ಮೂರು ವಿಷಲ್ ಆಯ್ತು. ಪಕ್ಕದ ಬೋಟಿನ ಅಜ್ಜ ಗಡಬಡಿಸಿ ಹೊರಗೆ ಬಂದು ನಮ್ಮ ಇಂಜಿನ್ ಕಡೆನೇ ನೋಡ್ತಿದಾರೆ. ಆಮೇಲೆ ಗೊತ್ತಾಗಿದ್ದು, ನೀರಿನ ಮೇಲೆ ಶಬ್ದಕ್ಕೂ ಕಾನೂನಿದೆ, ಒಂದು ಸಣ್ಣ ಹಾರ್ನ್ ಅಂದ್ರೆ ಬಲಕ್ಕೆ ತಿರುಗ್ತಿದೀನಿ, ಎರಡು ಅಂದ್ರೆ ಎಡಕ್ಕೆ, ಮೂರು ಅಂದ್ರೆ ರಿವರ್ಸ್ ಬರ್ತಿದೀನಿ! ಅಪ್ಪ ಕುಕ್ಕರ್ ಎತ್ತಿ ತೋರಿಸಿದ್ರು. ಅಜ್ಜ ಅಜ್ಜಿ ಇಬ್ರೂ ನಮ್ಮಲ್ಲೇ ಊಟ ಮಾಡಿದ್ರು, ಅನ್ನ, ಬೇಳೆಸಾರು, ಅಪ್ಪೆಮಿಡಿ ಉಪ್ಪಿನಕಾಯಿ. ಉಪ್ಪಿನಕಾಯಿಗೆ ಅಜ್ಜಿ ಕಣ್ಣಲ್ಲಿ ನೀರು ಬಂದ್ರೂ ಬಿಡ್ಲಿಲ್ಲ. ಬದ್ಲಿಗೆ ಸಕ್ಕರೆ ಹರಳು ಹಾಕಿದ ಫ್ರೀಸ್‌ಲ್ಯಾಂಡ್ ಬ್ರೆಡ್ಡು ಕೊಟ್ರು, ಬೆಣ್ಣೆ ಹಚ್ಚಿ ತಿನ್ನೋದು, ಅಪ್ಪಂಗೆ ಶುಗರ್ ಇದೆ ಅನ್ನೋದು ಆ ರಾತ್ರಿ ಎಲ್ರಿಗೂ ಮರ್ತೋಯ್ತು.

ಅವ್ರೇ ಹೇಳಿದ್ದು ಹನ್ನೊಂದು ಊರಿನ ಸ್ಕೇಟಿಂಗ್ ಬಗ್ಗೆ. ಚಳಿಗಾಲದಲ್ಲಿ ಈ ಕಾಲುವೆಗಳೆಲ್ಲಾ ಗಟ್ಟಿಯಾಗಿ ಹೆಪ್ಪುಗಟ್ಟಿದ್ರೆ ಫ್ರೀಸ್‌ಲ್ಯಾಂಡಿನ ಹನ್ನೊಂದು ಪಟ್ಟಣ ಸೇರ್ಸಿ ಸುಮಾರು 200 ಕಿಲೋಮೀಟರ್ ಮಂಜುಗಡ್ಡೆ ಮೇಲೆ ಒಂದೇ ದಿನದಲ್ಲಿ ಓಟ. 1909ರಲ್ಲಿ ಶುರುವಾಗಿದ್ದು, ದಾರಿಯುದ್ದಕ್ಕೂ 15 ಸೆಂಟಿಮೀಟರ್ ದಪ್ಪ ಮಂಜುಗಡ್ಡೆ ಬೇಕು. ಕೊನೇ ಸಲ ಆಗಿದ್ದು 1997ರ ಜನವರಿಯಲ್ಲಿ. ಆಮೇಲೆ ಅಷ್ಟು ಚಳಿನೇ ಬಂದಿಲ್ಲ. ಅಜ್ಜ ಆ ಓಟ ಮುಗ್ಸಿದೋರಂತೆ, ಆ ಕಾಲುವೆ ಇದೇ ನೋಡು ಅಂತ ಕತ್ತಲಲ್ಲಿ ಕೈ ತೋರ್ಸಿ ಹೇಳ್ತಾ ಇದ್ರು. ನಮ್ಮ ಬೋಟು ಸುತ್ತಿದ ಊರುಗಳಲ್ಲಿ ಸ್ನೇಕು, ಐಲ್ಸ್ಟು, ಸ್ಟಾವೊರೆನ್ನು, ಸ್ಲೋಟನ್ನು ಎಲ್ಲಾ ಆ ಲಿಸ್ಟಲ್ಲಿರೋವೇ.

ಮಾರನೇ ದಿನ ಫ್ಲೂಸನ್ ಸರೋವರ ದಾಟ್ವಾಗ ಗಾಳಿ ಇತ್ತು, ಅಲೆ ಪಕ್ಕಕ್ಕೆ ಹೊಡ್ದು ಪಾತ್ರೆಗಳೆಲ್ಲಾ ಉರುಳ್ದವು. ಆಳ ಒಂದೂವರೆ ಎರಡು ಮೀಟರ್ ಅಷ್ಟೇ, ಆದ್ರೆ ಆಳ ಇಲ್ದಿರೋ ನೀರಲ್ಲೇ ಅಲೆ ಕುಳ್ಳಗೆ ಚೂಪಾಗಿ ಬರತ್ತೆ. ಅಮ್ಮ ಕಣ್ಣು ಮುಚ್ಚಿ ಸಿಗಂದೂರು ಚೌಡೇಶ್ವರಿನ ನೆನೆಸ್ಕೊಂಡು ಕೂತ್ಳು. ಸರೋವರದ ಕೊನೇಲಿ ಗಾಲಾಮಾಡಾಮನ್ ಅನ್ನೋ ಕಡೆ ಸೇತುವೇನೇ ಇಲ್ಲ. ರಸ್ತೆ ನೀರಿನ ಕೆಳಗೆ ಹೋಗತ್ತೆ! ಮೇಲೆ ನಾವು ಬೋಟಲ್ಲಿ, ಕೆಳಗೆ ತೊಟ್ಟಿ ಥರ ಕಟ್ಟಿದ ಕಾಲುವೆ ಅಡಿಗೆ ಕಾರು ನುಸುಳಿ ಆ ಕಡೆ ಎದ್ದು ಬರ್ತವೆ. ಬೋಟಿಗೆ ಕಾಯೋದು ಬೇಡ, ಕಾರಿಗೂ ಬೇಡ. ಫ್ರೀಸ್‌ಲ್ಯಾಂಡಲ್ಲಿ ಇಂಥವು ಸುಮಾರಿವೆ. ಅಪ್ಪ ಇಳಿದು ಹಿಂದೆ ನಡ್ಕೊಂಡ್ ಹೋಗಿ ಮೇಲಿಂದ ನೋಡ್ಕೊಂಡೇ ಬಂದ್ರು, ಮೊಣಕಾಲು ನೋವು ಎಲ್ಲಿ ಹೋಯ್ತೋ.

ಸ್ಟಾವೊರೆನ್ ಐಸೆಲ್‌ಮೇರ್ ದಡದಲ್ಲಿರೋ ಹಳೇ ಬಂದರು. ಅಲ್ಲೊಂದು ದಂತಕಥೆ ಇದೆ. ಒಬ್ಳು ಶ್ರೀಮಂತ ವ್ಯಾಪಾರಿ ವಿಧವೆ ಇದ್ಳಂತೆ, ಹಡಗಿನೋನಿಗೆ ಲೋಕದಲ್ಲಿ ಎಲ್ಲಕ್ಕಿಂತ ಬೆಲೆಬಾಳೋ ವಸ್ತು ತಗೊಂಡ್ ಬಾ ಅಂದ್ಳಂತೆ, ಅವ್ನು ಹುಡುಕಿ ಹುಡುಕಿ ಗೋಧಿ ತಂದ. ಸಿಟ್ಟು ಬಂದು ಅಷ್ಟನ್ನೂ ಸಮುದ್ರಕ್ಕೆ ಸುರಿಸಿದ್ಳು. ಮುಂದೆ ಭಿಕ್ಷೆ ಬೇಡ್ತೀಯ ಅಂದಾಗ ಬೆರಳಿನ ಉಂಗುರ ತೆಗ್ದು ನೀರಿಗೆ ಎಸ್ದು ಈ ಉಂಗುರ ವಾಪಸ್ ಬಂದ್ರೆ ಬಡವಿ ಆಗ್ತೀನಿ ಅಂದ್ಳು. ಸ್ವಲ್ಪ ದಿನಕ್ಕೆ ಅಡುಗೆಗೆ ತಂದ ಮೀನಿನ ಹೊಟ್ಟೇಲಿ ಉಂಗುರ! ಇಷ್ಟು ಹೇಳೋ ಹೊತ್ತಿಗೆ ಅಮ್ಮ, "ಅಯ್ಯೋ ಇದು ನಮ್ಮ ಶಕುಂತಲೆ ಉಂಗುರ ಅಲ್ವೇನೇ, ಇಲ್ಲಿಗೆ ಹೆಂಗ್ ಬಂತು" ಅಂದ್ಳು. ಶಕುಂತಲೆಗೆ ಮೀನಿಂದ ಗಂಡ ಸಿಕ್ಕಿದ, ಇವಳಿಗೆ ಇದ್ದಬದ್ದದ್ದೆಲ್ಲಾ ಹೋಯ್ತು, ಬಂದರಿನ ಬಾಯಿಗೂ ಮರಳು ತುಂಬ್ಕೊಂಡು ಊರೇ ಬಡವಾಯ್ತು ಅನ್ನೋದು ಕಥೆ. ಬಂದರಲ್ಲಿ ಆಕೆ ಪ್ರತಿಮೆ ಇದೆ. ಜೊತೆಗೆ ಬಾಯಿ ತೆರೆದ ದೈತ್ಯ ಮೀನಿನ ಕಾರಂಜಿ ಬೇರೆ, 2018ರಲ್ಲಿ ಹನ್ನೊಂದೂ ಊರಿಗೆ ಒಂದೊಂದು ಕಾರಂಜಿ ಮಾಡ್ಸಿದ್ರಲ್ಲ, ಅದ್ರಲ್ಲಿ ಇದೂ ಒಂದು.

ಅಲ್ಲಿ ಬೋಟ್ ಕಟ್ಟಿ ರೈಲಲ್ಲಿ ಹಿಂಡೆಲೋಪನ್‌ಗೆ ಹೋಗಿ ಬಂದ್ವಿ. ಇದು ನನ್ನ ಹಠ. ಕಾರಣ ಬಟ್ಟೆ. ಈ ಪುಟ್ಟ ಊರಿನ ಹೆಂಗಸರ ಸಾಂಪ್ರದಾಯಿಕ ಉದ್ದನೆ ಮೇಲಂಗಿ ಇದೆಯಲ್ಲ, ಅದು ಹೂಬಳ್ಳಿ ಚಿತ್ತಾರದ ಛಿಂಟ್ ಬಟ್ಟೆದು, ಡಚ್ ಈಸ್ಟ್ ಇಂಡಿಯಾ ಕಂಪನಿ ಹಡಗುಗಳು ಕೋರಮಂಡಲ ಕರಾವಳಿಯಿಂದ ತಂದಿದ್ದು. ಮ್ಯೂಸಿಯಂನಲ್ಲಿ ಗಾಜಿನ ಹಿಂದೆ ಇಟ್ಟಿದಾರೆ, ಆ ಕೆಂಪು ನೋಡಿದ್ರೆ ಗೊತ್ತಾಗತ್ತೆ ಎಲ್ಲಿದು ಅಂತ, ಆಂಧ್ರದ ಕಲಂಕಾರಿ ಸೀರೆ ಉಟ್ಟಿರೋ ಅಮ್ಮ ಅದ್ರ ಪಕ್ಕ ನಿಂತಾಗ ಅಲ್ಲಿನ ಮೇಡಮ್ಮು ಫೋಟೋ ತಗೋಬೋದಾ ಅಂತ ಕೇಳಿದ್ರು. ಸಾವಿರಾರು ಮೈಲಿ ದೂರದ ಮೀನು ಹಿಡಿಯೋ, ಹಡಗು ನಡೆಸೋ ಊರಿನೋರು ಒಗ್ಗಿಸ್ಕೊಂಡು ಇದು ನಮ್ದೇ ಉಡುಪು ಅಂತ ಮಾಡ್ಕೊಂಡಿರೋದು ನಂಗೆ ಇಡೀ ಟ್ರಿಪ್ಪಲ್ಲಿ ತುಂಬಾ ಇಷ್ಟ ಆದ ವಿಷಯ. ನನ್ನ ಗಂಡಂಗೆ ಅಲ್ಲಿ ಬೋರಾಯ್ತು, ಹೊರಗೆ ಐಸ್‌ಕ್ರೀಮ್ ತಿಂತಾ ಕೂತಿದ್ದ.

ವಾಪಸ್ ಬರ್ತಾ ವೌಡ್ಸೆಂಡ್ ಹತ್ರ ಇಂಜಿನ್ ಬಿಸಿ ಆಗಿ ಅಲಾರಂ ಹೊಡ್ಕೊಳ್ತು. ಇಂಜಿನ್ ತಂಪು ಮಾಡೋಕೆ ಹೊರಗಿನ ನೀರನ್ನೇ ಎಳ್ಕೊಳ್ಳತ್ತೆ, ಆ ನೀರಿನ ಫಿಲ್ಟರಿಗೆ ಪಾಚಿ, ಬಳ್ಳಿ ತುಂಬ್ಕೊಂಡಿತ್ತು. ಬಿಚ್ಚಿ ಕಿತ್ತಾಕಿ ಮತ್ತೆ ಹಾಕಿದ್ವಿ, ಹೊರಟ್ವಿ. ಬೆಳಗ್ಗೆ ಬೆಳಗ್ಗೆ ಒಂದ್ಸಲ ನೋಡ್ಬಿಟ್ರೆ ಈ ತಲೆನೋವಿಲ್ಲ.

ಸ್ಲೋಟನ್ ಹನ್ನೊಂದರಲ್ಲಿ ಎಲ್ಲಕ್ಕಿಂತ ಚಿಕ್ಕದು, ಅರ್ಧ ಗಂಟೇಲಿ ಸುತ್ತಿ ಮುಗಿಯತ್ತೆ, ಚೆಂದ ಇದೆ, ಫೋಟೋ ಚೆನ್ನಾಗಿ ಬರತ್ತೆ, ಅಷ್ಟೇ. ಅಲ್ಲಿನ ಕಾರಂಜೀಲಿ ಒಬ್ಳು ಹೆಂಗಸಿನ ಜೊತೆ ಟಿಟ್ಟಿಭ ಹಕ್ಕಿ ಇದೆ, ನಮ್ಮ ಗದ್ದೆ ಬಯಲಲ್ಲಿ ಕೂಗೋ ಟಿಟ್ಟಿಭದ ನೆಂಟ.

ಲೆಮ್ಮರ್‌ನಲ್ಲಿ ಮಾತ್ರ ಅರ್ಧ ದಿನ ಇಟ್ಕೊಳ್ಳಿ. ಅಲ್ಲಿ ಕಾಲುವೆಗಳಲ್ಲಿ ಹೆಚ್ಚಾದ ನೀರನ್ನ ಎತ್ತಿ ಹೊರಗೆ ಹಾಕೋ ವೌಡಾ ಪಂಪಿಂಗ್ ಸ್ಟೇಷನ್ ಇದೆ, ಈಗ್ಲೂ ಕೆಲಸ ಮಾಡೋ ಉಗಿ ಪಂಪಿಂಗ್ ಸ್ಟೇಷನ್‌ಗಳಲ್ಲಿ ಪ್ರಪಂಚದಲ್ಲೇ ದೊಡ್ಡದು, 1920ರಲ್ಲಿ ರಾಣಿ ವಿಲ್ಹೆಲ್ಮಿನಾ ಉದ್ಘಾಟನೆ ಮಾಡಿದ್ದು, 1998ರಿಂದ ಯುನೆಸ್ಕೋ ಪಟ್ಟಿಲಿದೆ. ಇಟ್ಟಿಗೆ ಕಟ್ಟಡ, ಎತ್ತರದ ಚಿಮಣಿ, ಒಳಗೆ ನಾಲ್ಕು ಉಗಿ ಇಂಜಿನ್ನು, ಎಂಟು ಪಂಪು, ಹಿತ್ತಾಳೆ ಎಲ್ಲಾ ದೇವಸ್ಥಾನದ ದೀಪದ ಥರ ಉಜ್ಜಿಟ್ಟಿದಾರೆ. ಅಪ್ಪ ಶರಾವತಿ ವಿದ್ಯುದಾಗಾರದಲ್ಲಿ ಕೆಲಸ ಮಾಡಿ ರಿಟೈರ್ ಆದೋರು, ಅವ್ರ ಮೊದಲ ಪ್ರಶ್ನೆನೇ ನೀರನ್ನ ಎಷ್ಟು ಎತ್ತರಕ್ಕೆ ಎತ್ತುತ್ತೀರಿ ಅನ್ನೋದು. ಗೈಡು ಕೈಲಿ ಸೊಂಟದ ಮಟ್ಟ ತೋರ್ಸಿದ. ಅಪ್ಪಂಗೆ ನಗು ತಡ್ಯೋಕಾಗ್ಲಿಲ್ಲ, ಅಲ್ಲಿ ನೂರಾರು ಮೀಟರ್ ಮೇಲಿಂದ ಬೀಳೋ ನೀರು ನೋಡ್ದೋರು. ನಿಮಿಷಕ್ಕೆ ಎಷ್ಟು ಅಂತ ಕೇಳಿದ್ರು. 4000 ಘನ ಮೀಟರ್. ಅಂದ್ರೆ ನಿಮಿಷಕ್ಕೆ ನಲವತ್ತು ಲಕ್ಷ ಲೀಟರ್. ಅಲ್ಲಿಗೆ ನಗು ನಿಲ್ತು. ಮಾಮೂಲಿ ಕೆಲಸ ಸ್ಟಾವೊರೆನ್‌ನ ಕರೆಂಟ್ ಪಂಪಿಂದು, ಮಳೆ ಗಾಳಿ ಜೋರಾಗಿ ನೀರು ಏರಿ ಅದೊಂದಕ್ಕೇ ಆಗಲ್ಲ ಅಂದಾಗ ಈ ನೂರು ವರ್ಷದ ಮುದುಕನ್ನ ಎಬ್ಬಿಸ್ತಾರೆ, ವರ್ಷಕ್ಕೆ ಕೆಲವು ಸಲ. ಮೊದ್ಲು ಕಲ್ಲಿದ್ದಲು, 1967ರಿಂದ ಎಣ್ಣೆ.

ಅಪ್ಪ ಹೊರಗೆ ಬಂದು ಕಟ್ಟೆ ಮೇಲೆ ಕೂತು ಬಹಳ ಹೊತ್ತು ಅಜ್ಜನ ತೋಟದ ವಿಷಯ ಮಾತಾಡಿದ್ರು. ಲಿಂಗನಮಕ್ಕಿ ಡ್ಯಾಮ್ ಆದಾಗ ಮುಳುಗಿದ ತೋಟ ಅದು, ಅಪ್ಪಂಗೆ ಆಗ ನಾಲ್ಕೋ ಐದೋ ವರ್ಷ, ಮನೆ ಹೆಂಚು ಇಳ್ಸಿ ಗಾಡಿಗೆ ಹೇರಿದ್ದು ನೆನಪಿದೆಯಂತೆ. ಮುಂದೆ ಅದೇ ನೀರಿನ ಕೆಲಸದಲ್ಲೇ ಸಂಬಳ ತಗೊಂಡಿದ್ದು. ಇಷ್ಟು ವರ್ಷದಲ್ಲಿ ನನ್ನ ಹತ್ರ ಇದನ್ನ ಇಷ್ಟು ಬಿಡಿಸಿ ಹೇಳಿದ್ದೇ ಇಲ್ಲ.

ಲೆಮ್ಮರ್ ಇಂದ ಸ್ನೇಕ್ ಕಡೆಗೆ ಪ್ರಿನ್ಸೆಸ್ ಮಾರ್ಗ್ರೀಟ್ ಕಾಲುವೆ ಹಿಡೀಬೇಕು. ಇದು ಹೈವೇ. 110 ಮೀಟರ್ ಉದ್ದದ ಸರಕು ಹಡಗುಗಳು ಜಲ್ಲಿ, ಮರಳು ತುಂಬ್ಕೊಂಡು ಬರ್ತವೆ, ಪಕ್ಕದಲ್ಲಿ ದಾಟ್ವಾಗ ಮೊದ್ಲು ನಮ್ಮನ್ನ ಆಚೆ ತಳ್ಳಿ ಆಮೇಲೆ ತನ್ನ ಕಡೆ ಎಳ್ಕೊಳ್ಳತ್ತೆ ನೀರು, ಸ್ಟೇರಿಂಗ್ ಗಟ್ಟಿ ಹಿಡಿದು ಬಲದಂಚಿಗೆ ಹೋಗ್ತಿರ್ಬೇಕು. ಹಡಗಿನೋನಿಗೆ ಮುಂದೆ ನೂರಾರು ಮೀಟರ್ ಏನೂ ಕಾಣಲ್ಲ, ಅಲ್ಲಿ ನಾವಿದ್ರೆ ನಾವಿಲ್ಲ ಅಂತ್ಲೇ ಲೆಕ್ಕ. ಹೆದ್ರೋರು ಈ ಕಾಲುವೇನ ಸುತ್ತಿ ಬಳಸಿ ತಪ್ಪಿಸ್ಬೋದು. ಸ್ನೇಕರ್‌ಮೇರ್ ದಾಟಿ ಊರೊಳಗೆ ಬಂದ್ರೆ 1613ರ ವಾಟರ್‌ಪೋರ್ಟ್, ನೀರಿನ ಮೇಲೆ ಕಟ್ಟಿರೋ ಊರ ಬಾಗಿಲು, ಎರಡು ಗೋಪುರದ್ದು, ಅದ್ರ ಮುಂದೆ ಕೊನೇ ಗ್ರೂಪ್ ಫೋಟೋ.

ಹೋಗೋರಿಗೆ ಕೆಲವು ಮಾತು. ಜುಲೈ ಆಗಸ್ಟಲ್ಲಿ ರಶ್ಶು, ರೇಟೂ ಜಾಸ್ತಿ. ಮೇ ಇಲ್ಲಾ ಸೆಪ್ಟೆಂಬರ್ ನೋಡಿ. ಸೇತುವೆ ಟೈಮಿಂಗ್ ಸೀಸನ್ ಪ್ರಕಾರ ಬದಲಾಗತ್ತೆ, ಮಧ್ಯಾಹ್ನ ಕೆಲವು ಕಡೆ ಊಟದ ಬಿಡುವು ಇರತ್ತೆ, ರೈಲ್ವೆ ಸೇತುವೆ ರೈಲಿನ ಟೈಮ್ ನೋಡ್ಕೊಂಡೇ ತೆಗ್ಯೋದು, ಹಾಗಾಗಿ ನೀರಿನ ನಕ್ಷೆ ಆ್ಯಪ್ ಒಂದು ಫೋನಲ್ಲಿ ಹಾಕ್ಕೊಳ್ಳಿ. ಈಜು ಬರ್ದಿರೋರಿಗೆ ಲೈಫ್ ಜಾಕೆಟ್ ಹಾಕ್ಸಿ, ಸೀರೆ ಮೇಲೂ ಬರತ್ತೆ, ಅಮ್ಮ ಹಾಕಿದ್ಳು. ಚಿಲ್ಲರೆ ಇಟ್ಕೊಳ್ಳಿ, ಮರದ ಚಪ್ಪಲಿ ಸಿಕ್ಕಿದ್ರೆ ಬೇಕಾಗತ್ತೆ. ಬೋಟ್ ವಾಪಸ್ ಕೊಡೋ ಮುಂಚೆ ಡೀಸೆಲ್ ತುಂಬಿಸಿ ಟಾಯ್ಲೆಟ್ ಟ್ಯಾಂಕ್ ಖಾಲಿ ಮಾಡ್ಸೋಕೆ ಒಂದು ಗಂಟೆ ಎತ್ತಿಡಿ, ಅಲ್ಲಿ ಕ್ಯೂ ಇರತ್ತೆ. ಮತ್ತೆ ಕುಕ್ಕರ್ ತಗೊಂಡ್ ಹೋದ್ರೆ ಮೂರನೇ ವಿಷಲ್ ಹೊಡ್ಯೋ ಮುಂಚೆ ಗ್ಯಾಸ್ ಆಫ್ ಮಾಡಿ.